ಅಪ್ಪನಿಗೆ ಕಾಮಾಲೆ ಆಗಿತ್ತು, ಸದ್ಯ!

"ಸೆಪ್ಟೆಂಬರ್ ಕೊನೆಗೆ ನಮ್ಮಪ್ಪನಿಗೆ ಕಾಮಾಲೆ ಆಗಿತ್ತಂತೆ, ಸದ್ಯ!" ಅಂದರು ಕೆಳಗಿನ ಮನೆಯ ಅಜ್ಜಿ. ಜರ್ಮನಿಯ ನಮ್ಮ ಈ ಕಟ್ಟಡದಲ್ಲಿ ಮೆಟ್ಟಿಲು ಗುಡಿಸುವ ಪಾಳಿ ಆ ವಾರ ನಮ್ಮದು. ಪೊರಕೆ ಹಿಡಿದುಕೊಂಡೇ ನಿಂತೆ. ಎಂಬತ್ತು ದಾಟಿದ ಹೆಂಗಸು, ಸತ್ತು ಎಷ್ಟೋ ವರ್ಷವಾದ ಅಪ್ಪನ 1941ರ ಕಾಯಿಲೆಗೆ ಇಷ್ಟು ಖುಷಿಪಡುತ್ತಿದ್ದಾರೆ ಅಂದರೆ ಏನು ಹೇಳೋದು? ಒಳಗೆ ಕರೆದರು, ಹೋದೆವು. ಮಗಳು ನನಗಿಂತ ಮುಂದೆ. ಆ ಮನೆಯ ಪ್ಲಮ್ ಕೇಕಿನ ರುಚಿ ಅವಳಿಗೆ ಗೊತ್ತು.

ಮೇಜಿನ ಮೇಲೆ ಅಂಗೈಯಗಲದ, ಮಾಸಿದ ಕಂದು ರಟ್ಟಿನ ಪುಸ್ತಕವೊಂದಿತ್ತು. ಸೋಲ್ಡ್‌ಬೂಖ್. ಜರ್ಮನ್ ಸಿಪಾಯಿಗೆ ಸಂಬಳದ ಲೆಕ್ಕವೂ ಅದರಲ್ಲೇ, ಗುರುತಿನ ಚೀಟಿಯೂ ಅದೇ; ಯಾವಾಗಲೂ ಅಂಗಿಯ ಜೇಬಿನಲ್ಲೇ ಇರಬೇಕು. ಮುಖಪುಟದ ಹದ್ದಿನ ಕಾಲಡಿಯ ಸ್ವಸ್ತಿಕವನ್ನು ಯಾರೋ ಬ್ಲೇಡಿನಲ್ಲಿ ಕೆರೆದಿದ್ದಾರೆ. ಅಪ್ಪನೋ ಅಮ್ಮನೋ, ಅಜ್ಜಿಗೂ ಗೊತ್ತಿಲ್ಲ. ಒಳಗೆ ಎತ್ತರ, ಕೂದಲಿನ ಬಣ್ಣ, ಬೂಟಿನ ಅಳತೆ, ಗ್ಯಾಸ್ ಮಾಸ್ಕಿನ ಅಳತೆ, ರಕ್ತದ ಗುಂಪು, ಹಾಕಿಸಿಕೊಂಡ ಚುಚ್ಚುಮದ್ದು, ಕೊಟ್ಟ ಕಾಲುಚೀಲ ಎಷ್ಟು ಜೊತೆ ಅನ್ನುವುದೂ ಇದೆ. ಬರವಣಿಗೆ ಮಾತ್ರ ಇರುವೆ ಸಾಲು. 1941ರಲ್ಲಿ ನಾಜಿ ಸರ್ಕಾರವೇ ಆ ಹಳೇ ಲಿಪಿಯನ್ನು ಶಾಲೆಗಳಿಂದ ತೆಗೆಸಿತು. ಹಾಗಾಗಿ ಅಪ್ಪನ ಪುಸ್ತಕ ಓದಲು ಅಜ್ಜಿ ಚರ್ಚಿನ ಗುಂಪಿನಲ್ಲಿ ತನಗಿಂತ ಹಿರಿಯರೊಬ್ಬರನ್ನು ಹುಡುಕಬೇಕಾಯಿತು.

ಆಸ್ಪತ್ರೆಗೆ ಅಂತಲೇ ಒಂದು ಪುಟ. ಸೇರಿದ ತಾರೀಕು, ಬಿಟ್ಟ ತಾರೀಕು. ಕಾಯಿಲೆಯ ಜಾಗದಲ್ಲಿ ಹೆಸರಿಲ್ಲ, ಒಂದು ಸಂಖ್ಯೆ. ಪಟ್ಟಿ ಹಿಡಿದು ನೋಡಿದರೆ ಕಾಮಾಲೆ. ಅವರ ಪಡೆ ಇದ್ದದ್ದು ಜರ್ಮನಿಯ 6ನೇ ಸೇನೆಯಲ್ಲಿ. ಆ ಸೇನೆ ಉಕ್ರೇನಿನ ಕೀವ್ ಹೊಕ್ಕಿದ್ದು 1941ರ ಸೆಪ್ಟೆಂಬರ್ 19ಕ್ಕೆ. 29 ಮತ್ತು 30ರಂದು ಊರಂಚಿನ ಬಾಬಿ ಯಾರ್ ಕೊರಕಲಿನಲ್ಲಿ 33,771 ಯೆಹೂದಿಗಳನ್ನು ಕೊಂದರು. ಗುಂಡು ಹಾರಿಸಿದ್ದು ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್ ಮತ್ತು ಪೊಲೀಸ್ ಪಡೆ. ಎಲ್ಲರೂ ಬಂದು ಸೇರಿ ಎಂಬ ನೋಟಿಸನ್ನು ಅಚ್ಚು ಹಾಕಿಕೊಟ್ಟಿದ್ದು ಸೇನೆ. ಅಜ್ಜಿಯ ಅಪ್ಪ 21ಕ್ಕೇ ಆಸ್ಪತ್ರೆ ಸೇರಿದ್ದಾರೆ.

ಕುತ್ತಿಗೆಗೆ ಹಾಕುತ್ತಿದ್ದ ಬಿಲ್ಲೆಯೂ ಡಬ್ಬಿಯಲ್ಲಿತ್ತು. ಮೊಟ್ಟೆಯಾಕಾರ, ನಡುವೆ ಮುರಿಯಲು ತೂತಿನ ಗೆರೆ. ಸತ್ತರೆ ಅರ್ಧ ಹೆಣದ ಮೇಲೆ, ಅರ್ಧ ದಫ್ತರಕ್ಕೆ. ಅದರಲ್ಲಿ ಹೆಸರಿರುವುದಿಲ್ಲ, ಪಡೆಯ ಗುರುತು ಮತ್ತು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬರೆದು ಬರ್ಲಿನ್‌ನ ಫೆಡರಲ್ ಆರ್ಕೈವ್ಸ್‌ಗೆ ಅರ್ಜಿ ಹಾಕಿದರೆ, ಯಾವ ಪಡೆಯಿಂದ ಯಾವ ಪಡೆಗೆ ಹೋದ ಅಂತ ಹುಡುಕಿಕೊಡುತ್ತಾರೆ. ಈ ಬಿಲ್ಲೆಗಳ ಪಟ್ಟಿ ಇಟ್ಟಿದ್ದ, 1939ರಲ್ಲಿ ಶುರುವಾದ ಕಚೇರಿ 2019ರಿಂದ ಆರ್ಕೈವ್ಸ್‌ನ ಭಾಗ. ಭೂಸೇನೆಯ ಸಿಪಾಯಿಗಳ ಸ್ವಂತ ಫೈಲುಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್‌ಗೆ ಬಾಂಬು ಬಿದ್ದಾಗ ಸುಟ್ಟುಹೋದವು. ಉಳಿದದ್ದು ಇಂಥ ಬಿಲ್ಲೆಗಳ ಪಟ್ಟಿ, ಗಾಯಾಳು ಸತ್ತವರ ವರದಿ, ಮನೆಯ ಡಬ್ಬಿಯಲ್ಲಿರುವ ಪುಸ್ತಕ.

"ಸಾಮಾನ್ಯವಾಗಿ ಜನ ಅಪ್ಪ ಎಲ್ಲಿದ್ದ ಅಂತ ಹುಡುಕ್ತಾರೆ. ನಾನು ಎಲ್ಲಿ ಇರಲಿಲ್ಲ ಅಂತ ಹುಡುಕ್ತಿದೀನಿ" ಅಂದರು. ಕೊಂದಿದ್ದೆಲ್ಲ ಎಸ್‌ಎಸ್, ಸೇನೆ ಶುದ್ಧ ಎಂಬ ನಂಬಿಕೆ ಇಲ್ಲಿ ಬಹಳ ಕಾಲ ನಡೆಯಿತು. 1995ರಲ್ಲಿ ಹ್ಯಾಂಬರ್ಗ್‌ನಿಂದ ಹೊರಟು ಊರೂರು ತಿರುಗಿದ ಫೋಟೋ ಪ್ರದರ್ಶನ ಅದನ್ನು ಅಲುಗಾಡಿಸಿತು. ಅಜ್ಜಿ ಆಗ ಹೋಗಲಿಲ್ಲವಂತೆ. ಅಮ್ಮ ಇನ್ನೂ ಬದುಕಿದ್ದರು.

ಮಗಳು ಕೇಕು ಬಿಟ್ಟು ಪುಟ ತಿರುಗಿಸುತ್ತಿದ್ದಳು. ಹತ್ತನೇ ತರಗತಿ, ಇತಿಹಾಸ ಬಾಯಲ್ಲೇ ಇದೆ. "ಆಮೇಲೆ ಖಾರ್ಕಿವ್ ಅಲ್ವಾ? ಡಿಸೆಂಬರ್‌ನಲ್ಲಿ?" ಅಂದಳು. ನಾನು ಮೇಜಿನಡಿ ಕಾಲು ತುಳಿದೆ. ಖಾರ್ಕಿವ್‌ನ ಯೆಹೂದಿಗಳನ್ನು ಆ ಚಳಿಯಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯ ಬಿಡಾರಕ್ಕೆ ದಬ್ಬಿ, ಆಮೇಲೆ ಡ್ರೊಬಿಟ್‌ಸ್ಕಿ ಯಾರ್‌ನಲ್ಲಿ ಕೊಂದಿದ್ದರು. ಅಜ್ಜಿ ಆಸ್ಪತ್ರೆಯ ಪುಟ ತೆಗೆದು, ಅಕ್ಟೋಬರ್ ನಂತರದ ಖಾಲಿ ಗೆರೆಗಳ ಮೇಲೆ ಬೆರಳಿಟ್ಟರು.

"ಡಿಸೆಂಬರ್‌ನಲ್ಲಿ ಅವರ ಆರೋಗ್ಯ ಚೆನ್ನಾಗಿತ್ತು."

ಮೇಲೆ ಬಂದು ಅನ್ನಕ್ಕಿಟ್ಟೆ. ಮಗಳು ಬಿಡಬೇಕಲ್ಲ! "ನಮ್ಮ ಮುತ್ತಜ್ಜ ಏನು ಮಾಡ್ತಿದ್ರು ಆಗ?" ಅಡಿಕೆ ತೋಟ, ಗದ್ದೆ, ಊರಿಗೆಲ್ಲ ಊಟ ಹಾಕಿದ ಕೈ ಅಂತ ಹೇಳಿದೆ. ನನಗೂ ಹಾಗೇ ಹೇಳಿದ್ದರು. ನಾವು ಸಾಗರದ ಕಡೆಯವರು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು, ಒಡೆಯರು ಗೇಣಿ ಭತ್ತ ಅಳೆಯುತ್ತಿದ್ದ ಕೊಳಗದ ಅಳತೆ ಸರಿಯಿಲ್ಲ ಅಂತ. ಲೋಹಿಯಾ ಅಲ್ಲಿಗೆ ಬಂದು ಬಂಧನವಾದದ್ದನ್ನು ಪರೀಕ್ಷೆಗೆ ಓದಿದ್ದೇನೆ. ಓದುವಾಗ ಹಿತ್ತಾಳೆ ಪಟ್ಟಿಯ ನಮ್ಮ ಮನೆಯ ಕೊಳಗ ಜಗುಲಿಯಲ್ಲಿ ನನ್ನ ಎದುರಿಗೇ ಇತ್ತು. ಈಗ ಅದರಲ್ಲಿ ಚಿಕ್ಕಮ್ಮ ಒಣಹೂ ಇಟ್ಟಿದ್ದಾರೆ, ಬಂದವರು ಫೋಟೋ ತೆಗೆಯುತ್ತಾರೆ. ಅದು ಎಷ್ಟು ಸೇರು ಹಿಡಿಯುತ್ತದೆ ಅಂತ ಯಾರೂ ಅಳೆದು ನೋಡಿಲ್ಲ.

ಕೊರಕಲಿನ ಹೆಣಗಳನ್ನೂ ಗೇಣಿಯ ಭತ್ತವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ, ಹಾಕಬಾರದು. ಕೇಳುವ ಅಭ್ಯಾಸದ ಮಾತು ಹೇಳುತ್ತಿದ್ದೇನೆ. ನಮ್ಮಲ್ಲಿ ಹಿರಿಯರ ಫೋಟೋಕ್ಕೆ ಹಾರ ಬಿದ್ದ ಮೇಲೆ ಅವರು ಬರೀ ಪುಣ್ಯಾತ್ಮರು. ಉಳುವವರಿಗೇ ಭೂಮಿ ಕೊಡಿಸಿದ 1974ರ ಭೂಸುಧಾರಣೆ ಕಾಯಿದೆ ಬರುವ ಹೊತ್ತಿಗೆ ಕೆಳಗಿನ ಗದ್ದೆಯ ಒಕ್ಕಲು ಊರು ಬಿಟ್ಟಾಗಿತ್ತು ಅಂತಾರೆ. ತಾವಾಗಿ ಬಿಟ್ಟರೋ, ಬಿಡಿಸಿದರೋ? ಹಳೇ ಪಹಣಿಯಲ್ಲಿ ಉಳುವವರ ಹೆಸರಿಗೆ ಬೇರೆ ಕಲಂ ಇರುತ್ತದೆ. ವರ್ಷವಾರು ನೋಡಿದರೆ ಆ ಹೆಸರು ಯಾವ ವರ್ಷ ಹೋಯಿತು ಅನ್ನುವುದಾದರೂ ತಿಳಿಯುತ್ತದೆ.

ಭಾನುವಾರ ಚಿಕ್ಕಪ್ಪನಿಗೆ ಫೋನು ಮಾಡಿದೆ. ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಆದ ಮೇಲೆ, ಆ ಒಕ್ಕಲಿನವರ ಹೆಸರಿದ್ದ ಹಳೇ ಪಹಣಿಯ ನಕಲು ಸಿಗುತ್ತದಾ ಅಂತ ಕೇಳಿದೆ. ಅವರೇನೂ ಸಿಟ್ಟಾಗಲಿಲ್ಲ.

"ನಕಲು ತೆಗೆಸೋದು ದೊಡ್ಡ ವಿಷ್ಯ ಅಲ್ಲ ಮಾರಾಯ್ತಿ, ತಾಲ್ಲೂಕು ಆಫೀಸಲ್ಲಿ ಅರ್ಜಿ ಕೊಟ್ರೆ ಆಯ್ತು. ಅವ್ರ ಮೊಮ್ಮಗ ಅಲ್ಲೇ ಕೆಲ್ಸಕ್ಕಿದಾನೆ. ಯಾಕೆ ಬೇಕು ಹೆಗಡೇರೆ ಅಂತ ಅವ್ನು ಕೇಳಿದ್ರೆ ಎಂತ ಹೇಳ್ಲಿ, ಅದನ್ನ ನೀನೇ ಹೇಳು."