ಚೀಟಿಯಿಲ್ಲದ ಚೀಲ

ಬಾಗಲಕೋಟೆಯ ನಮ್ಮ ಕಾಲೇಜಿನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನ ಬಾಗಿಲ ಪಕ್ಕ ಒಂದು ಕಟ್ಟೆ ಇತ್ತು. ಹೊರಗಿನಿಂದ ಬಂದ ಯಾವ ಚೀಲವಾದರೂ ಮೊದಲು ಅಲ್ಲಿ ಕೂರಬೇಕು. "ಚೀಟಿ ಎಲ್ಲೈತ್ರಿ?" ಎಂದು ಅಟೆಂಡರ್ ಕೇಳುತ್ತಿದ್ದರು. ಚೀಟಿ ಇಲ್ಲವೆಂದರೆ ಚೀಲ ಒಳಗೆ ಹೋಗುತ್ತಿರಲಿಲ್ಲ, ತಂದವರು ಫೈನಲ್ ಇಯರ್ ಆಗಿರಲಿ, ಮೇಷ್ಟ್ರೇ ಆಗಿರಲಿ. ಚೀಟಿಯಲ್ಲಿ ಆರು ವಿಷಯ ಬರೆದಿರಬೇಕಿತ್ತು: ಯಾವ ಕಾರ್ಖಾನೆ, ಯಾವ ಬಾಯ್ಲರ್, ಬಾಯ್ಲರಿನ ಯಾವ ಜಾಗದ ಬೂದಿ, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು, ಒಣಗಿದ್ದೋ ನೀರು ಹೊಡೆದದ್ದೋ, ಆ ದಿನ ಬಾಯ್ಲರಿಗೆ ಬಗಾಸ್ (ಕಬ್ಬಿನ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ) ಬಿಟ್ಟು ಬೇರೇನಾದರೂ ಹಾಕಿದ್ದರೋ. ಇಂಕು ನೀರಿಗೆ ಕದಡುತ್ತದೆಂದು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಒಂದು ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಚೀಲದ ಒಳಗೆ, ಇನ್ನೊಂದು ಹೊರಗೆ.

ಈ ಸಂಚಿಕೆಗೆ ಲ್ಯಾಬಿನ ನೆನಪು ಬರೆದುಕೊಡಿ ಎಂದಾಗ ಮೊದಲು ಕಣ್ಣಿಗೆ ಬಂದದ್ದು ಆ ಚೀಟಿ. ಸುಸ್ಥಿರ ವಸ್ತುಗಳ ಸಂಶೋಧನೆ ಎಂಬ ದೊಡ್ಡ ಹೆಸರಿನ ಉದ್ಯೋಗದಲ್ಲಿ ಮುಕ್ಕಾಲು ಕೆಲಸ ಆ ಕಟ್ಟೆಯ ಮೇಲೆಯೇ ಮುಗಿದಿರುತ್ತದೆ.

ನಮ್ಮ ಭಾಗದಲ್ಲಿ ಕೈಗೆ ಸುಲಭವಾಗಿ ಸಿಗುವುದು ಬಗಾಸ್ ಬೂದಿ. ಮುಧೋಳ, ಜಮಖಂಡಿ, ಬೀಳಗಿ, ಆಚೆ ಅಥಣಿ, ಚಿಕ್ಕೋಡಿ, ಗೋಕಾಕ, ಎಲ್ಲಿ ಹೋದರೂ ಸಕ್ಕರೆ ಕಾರ್ಖಾನೆ. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 280ರಿಂದ 300 ಕಿಲೋ ಬಗಾಸ್ ಬರುತ್ತದೆ, ಅದರಲ್ಲಿ ಅರ್ಧ ನೀರು. ಉರಿದ ಮೇಲೆ ಉಳಿಯುವ ಬೂದಿ ಬೆರಳೆಣಿಕೆಯಷ್ಟು ಕಿಲೋ. ಆದರೆ ಹಂಗಾಮಿನಲ್ಲಿ ದಿನಕ್ಕೆ ಸಾವಿರಾರು ಟನ್ ನುರಿಸುವ ಕಾರ್ಖಾನೆಯ ಹಿಂದೆ ಅದೇ ಗುಡ್ಡವಾಗುತ್ತದೆ. ಅದರಲ್ಲಿ ಸಿಲಿಕಾ ಹೆಚ್ಚು. ಸಿಮೆಂಟ್ ನೀರಿನೊಡನೆ ಸೇರಿದಾಗ ಹುಟ್ಟುವ ಸುಣ್ಣದ ಜತೆ ಈ ಸಿಲಿಕಾ ಕೂಡಿ ಗಟ್ಟಿಯಾಗುತ್ತದೆ. ಇದೇ ಪೊಜೊಲಾನಿಕ್ ಗುಣ. ಸಿಮೆಂಟಿನ ಒಂದು ಪಾಲಿನ ಬದಲು ಬೂದಿ ಹಾಕುವುದು ಇದನ್ನು ನಂಬಿಯೇ.

ಪೇಪರಿನಲ್ಲಿ ಇದು ಸರಳ, ಚೀಲದಲ್ಲಿ ಅಲ್ಲ. ಯಾವ ಧಾತು ಎಷ್ಟಿದೆ ಎಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರದ ವರದಿಯಲ್ಲಿ ಸಿಲಿಕಾ 75 ಶೇಕಡಾ ಎಂದು ನೋಡಿ ಕುಣಿದವರು ಬಹಳ. ಆ ಸಿಲಿಕಾ ಕಬ್ಬಿನದೋ ಹೊಲದ ಮಣ್ಣಿನದೋ ಎಂದು ಆ ಯಂತ್ರ ಹೇಳುವುದಿಲ್ಲ. ಯಂತ್ರದಿಂದ ಕಟಾವು ಮಾಡಿದ ಕಬ್ಬಿನ ಜತೆ ರವದಿ, ಮಣ್ಣು ಹೆಚ್ಚು ಬರುತ್ತವೆ. ಆ ಮರಳಿನ ಕ್ವಾರ್ಟ್ಜ್ (ಹರಳುಗಟ್ಟಿದ ಸಿಲಿಕಾ) ಸುಣ್ಣದ ಜತೆ ಕೂಡುವುದೇ ಇಲ್ಲ, ಸುಮ್ಮನೆ ಜಾಗ ಹಿಡಿದು ಕೂರುತ್ತದೆ. ಅದನ್ನು ತಿಳಿಯಲು ಎಕ್ಸ್‌ಆರ್‌ಡಿ ಬೇಕು, ಎಕ್ಸ್-ಕಿರಣ ಹಾಯಿಸಿ ಹರಳಿನ ಜಾತಿ ಗುರುತಿಸುವ ಪರೀಕ್ಷೆ. ತಾಮ್ರದ ಕಿರಣದಲ್ಲಿ 26.6 ಡಿಗ್ರಿಗೆ ಚೂಪಾದ ಶಿಖರ ಎದ್ದರೆ ಕ್ವಾರ್ಟ್ಜ್. 22 ಡಿಗ್ರಿಯ ಹತ್ತಿರ ಎದ್ದರೆ ಕ್ರಿಸ್ಟೊಬಲೈಟ್, ಅಂದರೆ ಉರಿ ಅತಿಯಾಗಿ ಸಿಲಿಕಾ ಹರಳುಗಟ್ಟಿದೆ. ನಮಗೆ ಬೇಕಾದದ್ದು 20ರಿಂದ 30 ಡಿಗ್ರಿಯ ನಡುವೆ ಕಾಣುವ ಅಗಲವಾದ ಉಬ್ಬು. ಹರಳಾಗದ ಸಿಲಿಕಾ ಅಲ್ಲಿದೆ.

ಉರಿ ಕಡಿಮೆಯಾದರೆ ಇನ್ನೊಂದು ತೊಂದರೆ. ಬೂದಿ ಕಪ್ಪಗಿರುತ್ತದೆ, ಸುಡದ ನಾರು ಉಳಿದಿರುತ್ತದೆ. ಕಲ್ಲಿದ್ದಲಿನ ಹಾರುಬೂದಿಯ ಭಾರತೀಯ ಮಾನಕ ಐಎಸ್ 3812 (ಭಾಗ 1) ಕಾಯಿಸಿದಾಗಿನ ತೂಕ ನಷ್ಟಕ್ಕೆ, ಅಂದರೆ ಹೆಚ್ಚಾಗಿ ಸುಡದೆ ಉಳಿದ ಕಾರ್ಬನ್ನಿಗೆ, 5 ಶೇಕಡಾ ಮಿತಿ ಇಟ್ಟಿದೆ. ಬಗಾಸ್ ಬೂದಿ ಆ ಮಿತಿಯನ್ನು ಎಷ್ಟೋ ಸಲ ಎರಡು ಮೂರು ಪಟ್ಟು ದಾಟುತ್ತದೆ. ಇಲ್ಲೇ ಹುಡುಗರು ಎಡವುವುದು: ಮೊದಲು 105ರಿಂದ 110 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸದೆ ನೇರ ಮಫಲ್ ಫರ್ನೇಸಿಗೆ (ಲ್ಯಾಬಿನ ಕುಲುಮೆಗೆ) ಇಟ್ಟುಬಿಡುತ್ತಾರೆ. ಆಗ ನೀರಿನ ತೂಕವೂ ಕಾರ್ಬನ್ ಲೆಕ್ಕಕ್ಕೆ ಸೇರುತ್ತದೆ. ಹೊಗೆಯನ್ನು ನೀರಿನಿಂದ ತೊಳೆಯುವ ವೆಟ್ ಸ್ಕ್ರಬ್ಬರಿನ ಬೂದಿಯಾದರಂತೂ ಉತ್ತರ ಎಲ್ಲೆಲ್ಲೋ ಹೋಗುತ್ತದೆ.

ನಾರನ್ನು ತೆಗೆಯುವ ಸುಲಭ ದಾರಿ ಜರಡಿ. ಸುಡದ ನಾರಿನ ತುಣುಕುಗಳು ಗಾತ್ರದಲ್ಲಿ ದೊಡ್ಡವು, ಆದ್ದರಿಂದ 300 ಮೈಕ್ರಾನ್ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದದ್ದನ್ನು ಬಾಲ್ ಮಿಲ್ಲಿನಲ್ಲಿ ಸಿಮೆಂಟಿನಷ್ಟು ನುಣ್ಣಗೆ, ಕಣಗಳ ಮೇಲ್ಮೈ ಕಿಲೋಗೆ ಸುಮಾರು 300 ಚದರ ಮೀಟರ್ ಬರುವಂತೆ, ಅರೆಯುವ ಕ್ರಮವನ್ನು ಐಐಟಿ ಮದ್ರಾಸಿನ ಸಂಶೋಧಕರು ಪ್ರಕಟಿಸಿದ್ದಾರೆ. ಮೊದಲು ಅರೆದು ಆಮೇಲೆ ಸೋಸಬೇಡಿ. ಅರೆದರೆ ನಾರೂ ಪುಡಿಯಾಗಿ ಜರಡಿಯಿಂದ ಇಳಿದುಹೋಗುತ್ತದೆ. ಈ ಮೇಲ್ಮೈ ಅಳೆಯುವ ಬ್ಲೇನ್ ಯಂತ್ರದ ಅಂಕೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಾರ್ಬನ್ ಕಣ ತೂತು ತೂತಾಗಿರುವುದರಿಂದ ಬೂದಿ ಇರುವುದಕ್ಕಿಂತ ನುಣ್ಣಗೆ ತೋರುತ್ತದೆ. 45 ಮೈಕ್ರಾನ್ ಜರಡಿಯ ಮೇಲೆ ಉಳಿದದ್ದೆಷ್ಟು ಎಂಬುದನ್ನೂ ಜತೆಗೆ ಬರೆಯಬೇಕು.

ಬೂದಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಹೇಳುವುದು ಐಎಸ್ 1727ರ ಸುಣ್ಣದ ಪರೀಕ್ಷೆ. ಸುಣ್ಣ, ಬೂದಿ, ಮರಳು ಸೇರಿಸಿ 50 ಮಿ.ಮೀ. ಘನಗಳನ್ನು ಹಾಕಿ, 48 ಗಂಟೆ 27 ಡಿಗ್ರಿಯಲ್ಲಿ, ಆಮೇಲೆ 8 ದಿನ 50 ಡಿಗ್ರಿಯಲ್ಲಿ ತೇವ ಆರದಂತೆ ಇಟ್ಟು ಒಡೆಯುವುದು. ಹಾರುಬೂದಿಗೆ ಕನಿಷ್ಠ 4.5 ಬೇಕು, ಚದರ ಮಿ.ಮೀ.ಗೆ ನ್ಯೂಟನ್ ಲೆಕ್ಕದಲ್ಲಿ. ಫಲಿತಾಂಶ ಕೆಟ್ಟಾಗ ಎಲ್ಲರೂ ಬೂದಿಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಸುಣ್ಣದ್ದು. ಡಬ್ಬಿ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದ ಕಲ್ಲಿಗೇ ಮರಳಿರುತ್ತದೆ.

ಇನ್ನು ಗಾರೆಯ ಘನ. 70.6 ಮಿ.ಮೀ. ಅಚ್ಚು, 200 ಗ್ರಾಂ ಸಿಮೆಂಟ್, 600 ಗ್ರಾಂ ಸ್ಟ್ಯಾಂಡರ್ಡ್ ಮರಳು. ನೀರು ಎಷ್ಟೆಂದರೆ, ಕನ್ಸಿಸ್ಟೆನ್ಸಿಯ (ಪೇಸ್ಟ್ ಹದಕ್ಕೆ ಬರಲು ಬೇಕಾಗುವ ನೀರಿನ ಶೇಕಡಾ) ಕಾಲು ಭಾಗಕ್ಕೆ 3 ಕೂಡಿಸಿ, ಒಟ್ಟು ಒಣ ತೂಕದ ಅಷ್ಟು ಶೇಕಡಾ. ಬರೀ ಸಿಮೆಂಟಿಗೆ ಕನ್ಸಿಸ್ಟೆನ್ಸಿ 28 ಬಂದರೆ 80 ಗ್ರಾಂ ನೀರು. ಬೂದಿ ಸೇರಿಸಿದಾಗ ಅದು 34ಕ್ಕೆ ಏರಿದರೆ ನೀರು 92 ಗ್ರಾಂ. ನೀರು-ಸಿಮೆಂಟ್ ಅನುಪಾತ 0.40ರಿಂದ 0.46ಕ್ಕೆ ಹೋಯಿತು. ಈಗ ಬಲ ಕುಸಿದದ್ದು ಬೂದಿಯಿಂದಲೋ ನೀರಿನಿಂದಲೋ? ಈ ಪ್ರಶ್ನೆಗೆ ಉತ್ತರವಿಲ್ಲದ ಪ್ರಾಜೆಕ್ಟ್ ರಿಪೋರ್ಟುಗಳು ನಮ್ಮ ಲೈಬ್ರರಿಯಲ್ಲಿ ಒಂದು ಕಪಾಟಿನಷ್ಟಿವೆ. ಬರೀ ಸಿಮೆಂಟಿನಷ್ಟೇ ನೀರು ಹಾಕಿ ಬೂದಿಯ ಇನ್ನೊಂದು ಸೆಟ್ ಹಾಕಿದ್ದರೆ ಸಾಕಿತ್ತು. 28 ದಿನಕ್ಕೆ ನಿಲ್ಲಿಸದೆ 90 ದಿನದ ಘನಗಳನ್ನೂ ಇಡಬೇಕು, ಪೊಜೊಲಾನಾ ನಿಧಾನದ ಆಸಾಮಿ.

"20 ಶೇಕಡಾ ಸಿಮೆಂಟ್ ಉಳಿಸಿದೆವು" ಎಂಬ ಮಾತಿನ ಲೆಕ್ಕವನ್ನೂ ಒಮ್ಮೆ ನೋಡಿ. ಒಂದು ಘನ ಮೀಟರ್ ಕಾಂಕ್ರೀಟಿಗೆ 320 ಕಿಲೋ ಸಿಮೆಂಟ್ ಇತ್ತು ಎನ್ನೋಣ. 20 ಶೇಕಡಾ ಬೂದಿ ಹಾಕಿದರೆ 64 ಕಿಲೋ ಉಳಿಯಿತು. ಆದರೆ ಅದೇ ಬಲ ಬರಲು ಸಿಮೆಂಟ್ ಬೂದಿ ಎರಡೂ ಸೇರಿ 380 ಕಿಲೋ ಬೇಕಾಯಿತೆಂದರೆ ಸಿಮೆಂಟ್ 304 ಆಯಿತು. ಉಳಿದದ್ದು 16 ಕಿಲೋ. ಬೂದಿ ಒಣಗಿಸಿದ, ಅರೆದ, ಲಾರಿಯಲ್ಲಿ ತಂದ ಖರ್ಚು ಬೇರೆ. ಈ ಲೆಕ್ಕ ಕಟ್ಟುವುದೇ ಈಗ ಒಂದು ವೃತ್ತಿ: ಲೈಫ್ ಸೈಕಲ್ ಅಸೆಸ್‌ಮೆಂಟ್, ಮಾನಕ ಐಎಸ್‌ಒ 14040 ಮತ್ತು 14044. ಯುರೋಪು ಸಿಮೆಂಟ್, ಉಕ್ಕು, ಅಲ್ಯೂಮಿನಿಯಂಗಳ ಇಂಗಾಲದ ಲೆಕ್ಕವನ್ನು ಗಡಿಯಲ್ಲೇ ಕೇಳಲು 2023ರ ಅಕ್ಟೋಬರಿನಲ್ಲಿ ಶುರುಮಾಡಿದ ಮೇಲೆ ಈ ಕೆಲಸ ಬಲ್ಲವರಿಗೆ ಬೇಡಿಕೆ ಹೆಚ್ಚಿದೆ.

ಸಿಮೆಂಟಿನ ಮೇಲೇ ಯಾಕಿಷ್ಟು ಕಣ್ಣು ಎಂದರೆ, 100 ಕಿಲೋ ಶುದ್ಧ ಸುಣ್ಣದ ಕಲ್ಲು ಕಾಯಿಸಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಲ್ಲಿದ್ದಲಿನ ಹೊಗೆ ಇದರಲ್ಲಿ ಸೇರಿಲ್ಲ. ಸಿಮೆಂಟ್ ಸುಡುವ ಕಿಲ್ನಿಗೆ ಸೌರಶಕ್ತಿ ಕೊಟ್ಟರೂ ಕಲ್ಲಿನೊಳಗಿನ ಈ ಪಾಲು ಹೋಗಿಯೇ ಹೋಗುತ್ತದೆ. ಆದ್ದರಿಂದ ಕ್ಲಿಂಕರ್ (ಸುಣ್ಣದ ಕಲ್ಲು ಸುಟ್ಟು ಮಾಡುವ, ಸಿಮೆಂಟಿನ ಮೂಲವಾದ ಗಟ್ಟಿ) ಕಡಿಮೆ ಮಾಡುವ ದಾರಿ ಹುಡುಕುತ್ತಾರೆ. ಎಲ್‌ಸಿ3 ಎಂಬ ಸಿಮೆಂಟ್ ಅಂಥದ್ದು: 50 ಶೇಕಡಾ ಕ್ಲಿಂಕರ್, 30 ಸುಟ್ಟ ಜೇಡಿ, 15 ಸುಣ್ಣದ ಕಲ್ಲು, 5 ಜಿಪ್ಸಂ. ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ತಾಂತ್ರಿಕ ವಿಶ್ವವಿದ್ಯಾಲಯ, ಕ್ಯೂಬಾದ ವಿಶ್ವವಿದ್ಯಾಲಯ, ದಿಲ್ಲಿ ಮತ್ತು ಮದ್ರಾಸಿನ ಐಐಟಿಗಳು ಹತ್ತು ವರ್ಷಕ್ಕೂ ಹೆಚ್ಚು ಇದರ ಹಿಂದೆ ಬಿದ್ದ ಮೇಲೆ 2023ರಲ್ಲಿ ನಮ್ಮ ದೇಶದ ಮಾನಕ ಐಎಸ್ 18189 ಬಂತು. ಇದಕ್ಕೆ ಕೆಯೊಲಿನೈಟ್ ಎಂಬ ಖನಿಜ 40 ಶೇಕಡಾ ಆದರೂ ಇರುವ ಜೇಡಿ ಬೇಕು, 700ರಿಂದ 850 ಡಿಗ್ರಿಯಲ್ಲಿ ಸುಡಬೇಕು. ಬಾಗಲಕೋಟೆ, ವಿಜಯಪುರದ ಎರೆಮಣ್ಣು ಇದಕ್ಕೆ ಒಗ್ಗದು. ಅದರಲ್ಲಿರುವುದು ನೀರು ಕುಡಿದು ಉಬ್ಬುವ ಮಾಂಟ್‌ಮೊರಿಲೊನೈಟ್. ಕುಂಬಾರಿಕೆಗೆ ಹೆಸರಾದ ಖಾನಾಪುರದ ಕಡೆಯ ಮಣ್ಣು ಬೇರೆ ಜಾತಿಯದು, ಪರೀಕ್ಷಿಸಿ ನೋಡಬೇಕಾದದ್ದು. ಒಂದೇ ವಿಭಾಗದೊಳಗೆ ಬಸ್ಸಿನಲ್ಲಿ ಅರ್ಧ ದಿನ ಹೋದರೆ ಮಣ್ಣಿನ ರಸಾಯನವೇ ಬದಲಾಗುತ್ತದೆ.

ಮೆಕ್ಯಾನಿಕಲ್ ಹುಡುಗರಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿವೆ. ಎರಕದ ಅಚ್ಚು ಮಾಡುವ ಗ್ರೀನ್ ಸ್ಯಾಂಡಿನಲ್ಲಿ ಮರಳಿನ ಜತೆ 5ರಿಂದ 10 ಶೇಕಡಾ ಬೆಂಟೊನೈಟ್ ಜೇಡಿ, ಸ್ವಲ್ಪ ಕಲ್ಲಿದ್ದಲ ಪುಡಿ, 3-4 ಶೇಕಡಾ ನೀರು. ಎರಕದ ಬಿಸಿ ತಾಗಿದ ಬೆಂಟೊನೈಟ್ ಅಂಟುವ ಗುಣ ಕಳೆದುಕೊಂಡು ಸತ್ತ ಜೇಡಿಯಾಗುತ್ತದೆ. ಇನ್ನೂ ಜೀವ ಇರುವ ಜೇಡಿ ಎಷ್ಟೆಂದು ಮೆಥಿಲೀನ್ ಬ್ಲೂ ಪರೀಕ್ಷೆ ಹೇಳುತ್ತದೆ. ಹೊರಗೆ ಚೆಲ್ಲುವ ಈ ಮರಳನ್ನು ಕಾಂಕ್ರೀಟಿಗೆ ಹಾಕಬಹುದು, ಆದರೆ ಜೀವ ಇರುವ ಬೆಂಟೊನೈಟ್ ನೀರು ಕುಡಿಯುತ್ತದೆ, ಕಲ್ಲಿದ್ದಲ ಪುಡಿ ಅಡ್‌ಮಿಕ್ಸ್ಚರ್ (ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕ) ನುಂಗುತ್ತದೆ. ಫ್ಯೂರಾನ್ ಎಂಬ ರಾಳದಿಂದ ಅಂಟಿಸಿದ ಮರಳಾದರೆ ಆಮ್ಲದ ಶೇಷ ಸಿಮೆಂಟ್ ಗಟ್ಟಿಯಾಗುವುದನ್ನು ತಡಮಾಡುತ್ತದೆ. ಎರಡೂ ಮರಳು ಒಂದೇ ಗುಡ್ಡೆಯಲ್ಲಿ ಬಿದ್ದಿದ್ದರೆ ಸಂಶೋಧನೆ ಅಲ್ಲಿಗೇ ಮುಗಿಯಿತು. ಅದಕ್ಕೇ ಚೀಟಿ.

ಜಿಯೊಪಾಲಿಮರ್ (ಸಿಮೆಂಟಿನ ಬದಲು ಬೂದಿಯಂಥದ್ದನ್ನು ಕ್ಷಾರದಿಂದ ಗಟ್ಟಿ ಮಾಡಿದ್ದು) ಮಾಡುವವರಿಗೆ ಒಂದೇ ಮಾತು. 10 ಮೋಲಾರ್ ಕಾಸ್ಟಿಕ್ ಸೋಡಾ ಎಂದರೆ 400 ಗ್ರಾಂ ಕರಗಿಸಿ ಒಟ್ಟು ದ್ರಾವಣ ಒಂದು ಲೀಟರ್ ಆಗುವಂತೆ ನೀರು ಸೇರಿಸುವುದು. ಒಂದು ಲೀಟರ್ ನೀರಿಗೆ 400 ಗ್ರಾಂ ಸುರಿಯುವುದಲ್ಲ, ಅದು ತೆಳುವಾಗುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಹಿಂದಿನ ದಿನವೇ ಮಾಡಿ ಆರಲು ಬಿಡಿ.

ಇಷ್ಟು ಬಲ್ಲವರಿಗೆ ಕೆಲಸ ಎಲ್ಲಿ? ಪಿಎಚ್‌.ಡಿ. ಒಂದೇ ದಾರಿಯಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಸೇರಿ, ಅಲ್ಲಿಂದ ಬದಲಿ ಇಂಧನ-ಕಚ್ಚಾವಸ್ತು ವಿಭಾಗಕ್ಕೆ ಹೋಗುವವರಿದ್ದಾರೆ. ಫೌಂಡ್ರಿಯಲ್ಲಿ ಸ್ಯಾಂಡ್ ಪ್ಲಾಂಟ್ ನೋಡಿಕೊಳ್ಳುವವರೂ ದಿನವೂ ಇದೇ ವಿಜ್ಞಾನ ಮಾಡುತ್ತಾರೆ, ಹೆಸರು ಮಾತ್ರ ಬೇರೆ. ಓದು ಮುಂದುವರಿಸುವವರು ಗೇಟ್ ಪರೀಕ್ಷೆ ಬರೆಯಬೇಕು. ಕೇಂದ್ರದ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರದು) 42,000, ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಕಟ್ಟಡ ಸಾಮಗ್ರಿಗೆ ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ), ಚೆನ್ನೈನ ಎಸ್‌ಇಆರ್‌ಸಿ (ಸ್ಟ್ರಕ್ಚರಲ್ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ). ಸಿಮೆಂಟಿಗೆ ಬಲ್ಲಭಗಢದ ರಾಷ್ಟ್ರೀಯ ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿ ಮಂಡಳಿ. ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲಿ ಆಸಕ್ತಿಯಿದ್ದರೆ ನಾಗಪುರದ ಜವಾಹರಲಾಲ್ ನೆಹರೂ ಅಲ್ಯೂಮಿನಿಯಂ ಕೇಂದ್ರ. ಮಣ್ಣಿನ ಇಟ್ಟಿಗೆಯ ಕೆಲಸಕ್ಕೆ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹುಟ್ಟಿದ, ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಕೇಂದ್ರ ಅಸ್ತ್ರದ ಪರಂಪರೆ ಇದೆ. ಇಲ್ಲೆಲ್ಲ ಸಂದರ್ಶನದಲ್ಲಿ ಗ್ರಾಫಿನ ಬಣ್ಣಕ್ಕಿಂತ ಸ್ಯಾಂಪಲ್ ಎಲ್ಲಿಂದ ಹೇಗೆ ತೆಗೆದಿರಿ ಎಂಬ ಪ್ರಶ್ನೆ ಬೇಗ ಬರುತ್ತದೆ. ಪೇಪರಿನ ಸಂಖ್ಯೆ ಎಣಿಸುವ ಚಟ ನಮ್ಮಲ್ಲಿ ಬೆಳೆದಿದೆ. ಒಂದೇ ಚೀಲದ ಬೂದಿಯಿಂದ ನಾಲ್ಕು ಪೇಪರ್ ಹೊರಡಿಸಬಹುದು, ಆದರೆ ಇನ್ನೊಂದು ಬಾಯ್ಲರಿನ ಬೂದಿಗೆ ಅದೇ ಫಲಿತಾಂಶ ಬರದಿದ್ದರೆ ಕಾರ್ಖಾನೆಯವರು ಎರಡನೇ ಸಲ ಬಾಗಿಲು ತೆರೆಯುವುದಿಲ್ಲ.

ಈ ವರ್ಷದ ಹಂಗಾಮಿಗೆ ಹೋಗುವವರಿಗೆ: ಕಾರ್ಖಾನೆ ಶುರುವಾದ ಮೊದಲ ಕೆಲವು ದಿನಗಳ ಬೂದಿ ತರಬೇಡಿ. ಬಾಯ್ಲರಿನ ಉರಿ ಇನ್ನೂ ಹದಕ್ಕೆ ಬಂದಿರುವುದಿಲ್ಲ, ರಿಪೇರಿಯ ಇಟ್ಟಿಗೆ ಚೂರೂ ಬೆರೆತಿರುತ್ತದೆ. ಗುಡ್ಡೆಯ ಮೇಲಿಂದ ಬುಟ್ಟಿ ತುಂಬಬೇಡಿ, ಮಳೆಗೆ ತೋಯ್ದು ಮಣ್ಣು ಕೂಡಿದ ಮಾಲು ಅದು. ಬೂದಿ ಬೀಳುವ ಜಾಗದಲ್ಲೇ ಎರಡು ಗಂಟೆಗೊಮ್ಮೆ ಒಂದು ಸಲಿಕೆಯಂತೆ ಒಂದು ಪಾಳಿ ಪೂರ್ತಿ ಹಿಡಿಯಿರಿ. ಎಲ್ಲ ಸೇರಿಸಿ ರಾಶಿ ಹಾಕಿ, ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ರಾಶಿ ಹಾಕಿ. ಬೇಕಾದಷ್ಟು ಉಳಿಯುವವರೆಗೆ ಹೀಗೇ. ಚೀಲದ ಬಾಯಿ ಕಟ್ಟುವ ಮೊದಲು ಒಳಗಿನ ಚೀಟಿ ಹಾಕಿದ್ದೀರಾ ಎಂದು ಕೈಹಾಕಿ ನೋಡಿ.