ಅರಿಶಿನ ಹಚ್ಚಿದ ಕಲ್ಲು

"ಅಮ್ಮಾ, ಈ ಫೋಟೋದಲ್ಲಿ ಕಲ್ಲಿಗೆ ಹಬ್ಬ. ಇದರಲ್ಲಿ ಹಬ್ಬ ಇಲ್ಲ. ಯಾಕೆ?"

ಗೌರಿ ಹಬ್ಬದ ಹಿಂದಿನ ರಾತ್ರಿ ಮಗಳು ಕೇಳಿದ್ದು. ಅವಳಿಗೆ ಆರು ವರ್ಷ. ನಾನು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕಡೆ ಗೆಜ್ಜೆವಸ್ತ್ರ ಮಾಡುತ್ತಾ, ಇನ್ನೊಂದು ಕಡೆ ಶನಿವಾರದ ಭಾಷಣಕ್ಕೆ ಸ್ಲೈಡ್ ಜೋಡಿಸುತ್ತಿದ್ದೆ. ಪರದೆ ಮೇಲೆ ನಮ್ಮೂರ ಕೆರೆ ಏರಿಯ ಮಾಸ್ತಿಕಲ್ಲಿನ, ಅಂದರೆ ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಕಲ್ಲಿನ, ಎರಡು ಫೋಟೋ ಅಕ್ಕಪಕ್ಕ ಇದ್ದವು. ಒಂದರಲ್ಲಿ ಕಲ್ಲಿನ ತುಂಬಾ ಅರಿಶಿನ. ಎತ್ತಿದ ಕೈಯ ಬಳೆಗಳ ಮೇಲೆ ಕುಂಕುಮ, ನೆತ್ತಿಯ ಮೇಲೆ ಚೆಂಡು ಹೂವು. ಇನ್ನೊಂದರಲ್ಲಿ ಕಲ್ಲು ಬರೀ ಬೂದು. ಕೆಳಗಿನ ಎರಡು ಸಾಲು ಅಕ್ಷರ ಚೆನ್ನಾಗಿ ಕಾಣುತ್ತವೆ.

"ಅದು ತೊಳೆದ ಮೇಲೆ ತೆಗೆದದ್ದು ಪುಟ್ಟಿ, ಓದೋಕೆ ಅಂತ" ಅಂದೆ. ಅವಳಿಗೆ ಅಷ್ಟು ಸಾಕಾಯಿತು, ಹೋಗಿ ಮಲಗಿದಳು.

ನಾವಿರುವುದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ನೆಕ್ಕಾರ್ ನದಿ ದಂಡೆಯ ಸಣ್ಣ ಊರು. ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನಮ್ಮ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತಲ್ಲ, ಅದಾದ ಎರಡು ವರ್ಷಕ್ಕೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಹೀಗಾಗಿ ಇಲ್ಲಿನ ಬೀದಿಗಳಲ್ಲಿ ಕನ್ನಡ ಮಾತಾಡುತ್ತಾ ನಡೆಯುವಾಗ ತೀರಾ ಹೊರಗಿನವಳು ಅನ್ನಿಸುವುದಿಲ್ಲ. ನನ್ನ ಕೆಲಸ ಹಾಸನ ಜಿಲ್ಲೆಯ ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ. ಊರಿನ ಕಲ್ಲು ಓದಲು ಊರು ಬಿಟ್ಟು ಬಂದಿದ್ದೇನೆ.

ಬೆಳಗ್ಗೆ ಐದಕ್ಕೇ ಎದ್ದೆ. ಹೂರಣ ಹಿಂದಿನ ದಿನವೇ ರುಬ್ಬಿ ಇಟ್ಟಿದ್ದೆ. ಏಷ್ಯಾ ಅಂಗಡಿಯಲ್ಲಿ ಬಾಳೆಎಲೆ ಸಿಕ್ಕಿತ್ತು, ಮಂಜುಗಟ್ಟಿದ್ದು. ಬಿಸಿನೀರಿಗೆ ಹಾಕಿದರೆ ಬಿಡಿಸಿಕೊಳ್ಳುತ್ತದೆ, ಆದರೆ ವಾಸನೆ ಬರುವುದಿಲ್ಲ. ಮಾವಿನ ಸೊಪ್ಪಿಗೆ ಬದಲಾಗಿ ಹಿತ್ತಲಿನ ಸೇಬಿನ ಎಲೆ ಪೋಣಿಸಿದೆವು. ಮಗಳು ಮಣೆಯ ಮುಂದೆ ಎಂಟೆಳೆ ರಂಗೋಲಿ ಹಾಕಲು ಹೋಗಿ ಒಂಬತ್ತು ಎಳೆ ಹಾಕಿದಳು. ಅಮ್ಮ ಅರಿಶಿನ ಕುಂಕುಮಕ್ಕೆ ಅಂತ ಫೋನಿನಲ್ಲೇ 1000 ರೂಪಾಯಿ ಹಾಕಿದ್ದಳು. ಎಲ್ಲ ಸರಿಹೋಯಿತು, ಒಂದು ಬಿಟ್ಟು. ಮೊರ ಇರಲಿಲ್ಲ.

ಹೋದ ವರ್ಷ ಕಾಗದದ ತಟ್ಟೆಯಲ್ಲಿ ಬಾಗಿನ ಮಾಡಿದ್ದೆ. ಮನಸ್ಸಿಗೆ ಹಿಡಿಸಿರಲಿಲ್ಲ. ಈ ಸಲ ಹೇಗಾದರೂ ಮೊರ ಹುಡುಕಬೇಕು ಅಂತ ಎರಡು ವಾರದಿಂದ ಅಂಗಡಿ ಅಂಗಡಿ ಸುತ್ತಿದ್ದೆ. ಮಾರುವವರಿಗೆ ಏನಂತ ಕೇಳುವುದು? ಲೈಬ್ರರಿಗೆ ಹೋಗಿ ಕಿಟೆಲ್ ನಿಘಂಟಿನಲ್ಲಿ 'ಮೊರ' ತೆಗೆದು ನೋಡಿದೆ. ಇತ್ತು. ಬಿದಿರಿನ ಒಂದು ಬಡ ಪದವನ್ನೂ ಬಿಡದೆ ಬರೆದುಕೊಂಡ ಮನುಷ್ಯನ ಊರಿನಲ್ಲಿ ಮೊರ ಸಿಗದೆ ವಾಪಸ್ ಬಂದೆ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮಗಳು ಅವರನ್ನು ಓಮಾ ಅಂತಾಳೆ. ಇಲ್ಲಿನ ಮಕ್ಕಳು ಅಜ್ಜಿಯನ್ನು ಕರೆಯುವುದೇ ಹಾಗೆ. ಹಬ್ಬದ ದಿನ ಬೆಳಗ್ಗೆ ಇವಳು ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿಕೊಂಡು, ಗೌರಮ್ಮನಿಗೆ ಒಂದು ಬುಟ್ಟಿ ಬೇಕು, ಅದಕ್ಕೆ ಮೂರು ಕಡೆ ಮಾತ್ರ ಅಂಚು ಇರುತ್ತೆ, ಕಾಳು ಹಾರಿಸ್ತಾರೆ ಅಂತ ಕೈ ಮಾಡಿ ತೋರಿಸಿದ್ದಾಳೆ. ಓಮಾ ನೆಲಮಾಳಿಗೆಗೆ ಹೋದರು. ಹತ್ತು ನಿಮಿಷ ಬಿಟ್ಟು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಧೂಳು ಹಿಡಿದ ಒಂದು ದೊಡ್ಡ ಮೊರ!

ನಮ್ಮದರ ಎರಡರಷ್ಟಿದೆ. ಬಿದಿರಲ್ಲ, ಬೇರೆ ಯಾವುದೋ ಬಳ್ಳಿಯಂಥ ಕಡ್ಡಿಯದು, ಹಿಡಿಯಲು ಎರಡು ಹಿಡಿಕೆ. ಆದರೆ ಅದು ಮೊರವೇ. ಅವರ ತವರು ಇಲ್ಲಿಗೆ ಹತ್ತಿರದ ಶ್ವೇಬಿಶ್ ಆಲ್ಬ್ ಗುಡ್ಡದ ಮೇಲೆ. ಕಲ್ಲು ನೆಲ. ಅಲ್ಲಿ ಚನ್ನಂಗಿ ಬೆಳೆಯುತ್ತಿದ್ದರಂತೆ, ಅವರ ಅಮ್ಮ ಇದರಲ್ಲೇ ಕೇರುತ್ತಿದ್ದರಂತೆ. "ಹೀಗೆ" ಅಂತ ಬಾಗಿಲಲ್ಲೇ ನಿಂತು ಖಾಲಿ ಮೊರ ಎರಡು ಸಲ ಕೇರಿ ತೋರಿಸಿದರು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟು ಸ್ವಲ್ಪ ಎತ್ತಿ.

ನಮ್ಮಜ್ಜಿ ರಾಗಿ ಕೇರುತ್ತಿದ್ದದ್ದು ಹಾಗೆಯೇ.

ಅದಾದ ಮೇಲೆ ದಿನವಿಡೀ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಒಬ್ಬಟ್ಟು ಲಟ್ಟಿಸುತ್ತಿದ್ದೆ, ಆದರೆ ಕಣ್ಣ ಮುಂದೆ ನಮ್ಮೂರ ಹಟ್ಟಿ ಬಾಗಿಲು. ಬೇಲೂರು ಕಡೆಯ ಸಣ್ಣ ಊರು ನಮ್ಮದು. ತಾತ ಹೋದಾಗ ಅಜ್ಜಿಗೆ ಮೂವತ್ತೆರಡು. ಗೌರಿ ಹಬ್ಬದ ಅಡುಗೆ ಪೂರ್ತಿ ಅವಳದೇ. ಕಾಯಿ ತುರಿಯುವುದು, ಹೂರಣ, ಕಡುಬಿಗೆ ಹಿಟ್ಟು, ಎಲ್ಲ. ಪೂಜೆ ಹೊತ್ತಿಗೆ ಮಾತ್ರ ಕಣಜದ ಹಿಂದೆ ಸರಿದು ನಿಲ್ಲುತ್ತಿದ್ದಳು. ಅಮ್ಮ, ಚಿಕ್ಕಮ್ಮ, ಅತ್ತೆಯರು ಒಬ್ಬರಿಗೊಬ್ಬರು ಬಾಗಿನ ಕೊಡುವಾಗ ಅವಳ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಅವಳೂ ಬರುತ್ತಿರಲಿಲ್ಲ. ನಮಗೆ ಅದು ವಿಚಿತ್ರ ಅಂತ ಅನ್ನಿಸುತ್ತಲೂ ಇರಲಿಲ್ಲ.

ಸಂಜೆ ಅವಳು ಒಬ್ಬಳೇ ಏರಿ ಮೇಲೆ ಹೋಗುತ್ತಿದ್ದಳು. ಸೆರಗಿನಲ್ಲಿ ಅರಿಶಿನ, ಕುಂಕುಮ, ನಾಲ್ಕು ಬಳೆ. ಮಾಸ್ತಮ್ಮನಿಗೆ ಎಣ್ಣೆ ಸವರಿ, ಅರಿಶಿನ ಹಚ್ಚಿ, ಕುಂಕುಮ ಇಟ್ಟು ಬರುತ್ತಿದ್ದಳು. ಕೊಡಲು ಅವಳಿಗಿದ್ದದ್ದು ಆ ಒಬ್ಬಳೇ. ಗಂಡ ಸತ್ತಾಗ ಜೊತೆಗೆ ಹೋದವಳಿಗೆ, ಗಂಡ ಸತ್ತ ಮೇಲೂ ಉಳಿದು ನಾಲ್ಕು ಮಕ್ಕಳನ್ನು ಸಾಕಿದವಳು ಅರಿಶಿನ ಕುಂಕುಮ ಕೊಡುತ್ತಿದ್ದಳು. ಇದು ನನಗೆ ಗೊತ್ತಾಗಲು ಇಷ್ಟು ವರ್ಷ, ಇಷ್ಟು ದೂರ ಬೇಕಾಯಿತು.

ಆಗ ಗೊತ್ತಿರಲಿಲ್ಲ. ಆಗ ನಾನು ಮೈಸೂರಿನಲ್ಲಿ ಎಂ.ಎ. ಎರಡನೇ ವರ್ಷ. ಪಡಿಯಚ್ಚು ತೆಗೆಯುವುದನ್ನು ಆಗಷ್ಟೇ ಕಲಿತಿದ್ದೆ. ಕಲ್ಲು ತೊಳೆಯಬೇಕು, ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಯೊಳಗೆ ಕೂರಿಸಬೇಕು, ಆಮೇಲೆ ಮಸಿ. ಅಕ್ಷರ ಬೆಳ್ಳಗೆ ಉಳಿಯುತ್ತದೆ, ಸುತ್ತ ಕಪ್ಪು. ಬಿ.ಎಲ್. ರೈಸ್ ಅವರು 1902ರಲ್ಲಿ ತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ನಮ್ಮೂರ ಕಲ್ಲು ಇಲ್ಲ ಅಂತ ಹುಡುಕಿ ನೋಡಿಕೊಂಡಿದ್ದೆ. ನಮ್ಮ ಬೇಲೂರು ತಾಲ್ಲೂಕಿನದೇ ಹಲ್ಮಿಡಿ ಶಾಸನ 1936ರವರೆಗೂ ಯಾರ ಕಣ್ಣಿಗೂ ಬೀಳದೆ ಇತ್ತಲ್ಲ, ಹಾಗೇ ಇದೂ ನನ್ನ ಕೈಗೇ ಸಿಕ್ಕಿತು ಅನ್ನುವ ಹುರುಪು. ಹಬ್ಬದ ಮಾರನೇ ದಿನ ಬಕೆಟ್, ತೆಂಗಿನ ನಾರು ಹಿಡಿದು ಏರಿಗೆ ಹೋದೆ. ಅಜ್ಜಿ ಹಿಂದಿನ ಸಂಜೆ ಹಚ್ಚಿದ್ದನ್ನೆಲ್ಲ ಉಜ್ಜಿ ಉಜ್ಜಿ ತೊಳೆದೆ. ತೊಳೆಯುವ ಮುಂಚೆ ಒಂದು ಫೋಟೋ, ತೊಳೆದ ಮೇಲೆ ಒಂದು.

ಅಜ್ಜಿ ಹುಲ್ಲಿನ ಹೊರೆ ಹೊತ್ತು ಬಂದವಳು ನಿಂತು ನೋಡಿದಳು.

"ಅಜ್ಜಿ, ಇನ್ಮೇಲೆ ಇದಕ್ಕೆ ಎಣ್ಣೆ, ಅರಿಶಿನ ಹಚ್ಚಬೇಡ. ಅಕ್ಷರ ಮುಚ್ಚೋಗುತ್ತೆ."

"ಇದ್ರಲ್ಲಿ ಅಕ್ಷರ ಐತಾ? ಏನಂತೈತವ್ವ?"

"ಗಂಡನ ಹೆಸರು ಅರ್ಧ ಇದೆ. ಮಿಕ್ಕಿದ್ದು ಸವೆದಿದೆ."

"ಈ ಯಮ್ಮಂದು?"

"ಇಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ಆಗ್ಲಿ ಬಿಡವ್ವ. ಓದಿರೋಳು ನೀನು, ನಿನಗೆ ಗೊತ್ತಿರ್ತದೆ" ಅಂದಳು. ಮುಂದಿನ ವರ್ಷಗಳಲ್ಲಿ ನಾನು ಯಾವಾಗ ಹೋದರೂ ಕಲ್ಲು ಚೊಕ್ಕವಾಗಿರುತ್ತಿತ್ತು. ನನಗೆ ಅದು ಖುಷಿಯಾಗಿತ್ತು ಅನ್ನುವುದನ್ನು ಬರೆಯದೆ ಇರಲಾರೆ.

ಓಮಾ ನಾಲ್ಕು ಗಂಟೆಗೆ ಬಂದರು. ಸಕಲೇಶಪುರದ ಪುಡಿಯ ಕಾಫಿ, ಒಬ್ಬಟ್ಟು ಕೊಟ್ಟೆ. ಮಂಡ್ಯದ ಇಬ್ಬರು ಹುಡುಗಿಯರು, ಹುಬ್ಬಳ್ಳಿಯ ಒಬ್ಬ ಹುಡುಗನೂ ಬಂದಿದ್ದರು, ಪಿಎಚ್.ಡಿ. ಮಾಡುವವರು. ಶನಿವಾರ ವಿಶ್ವವಿದ್ಯಾಲಯದ ಹಾಲ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಗಣೇಶ ಹಬ್ಬ. ಡಾನ್ಸ್, ಊಟ, ಮಧ್ಯದಲ್ಲಿ ನನ್ನ ಇಪ್ಪತ್ತು ನಿಮಿಷ. 2023ರ ಗೌರಿ ಗಣೇಶದ ಹೊತ್ತಿಗೇ, ಸೆಪ್ಟೆಂಬರ್ 18ಕ್ಕೆ, ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಹೊಯ್ಸಳರ ಬಗ್ಗೆ ಕೇಳುವವರು ಇಲ್ಲಿ ಜಾಸ್ತಿಯಾಗಿದ್ದಾರೆ. ಆ ಮಕ್ಕಳಿಗೆ ಇದೆಲ್ಲ ಹೇಳುತ್ತಾ ಮೊರ ತುಂಬಿದೆ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ. ಮುಚ್ಚಲು ಇನ್ನೊಂದು ಮೊರ ಇರಲಿಲ್ಲ, ರವಿಕೆ ಕಣ ಹೊದಿಸಿದೆ.

ಓಮಾ ಅವರ ಗಂಡ ತೀರಿಕೊಂಡು ಒಂಬತ್ತು ವರ್ಷ. ನಾನು ಮೊದಲ ಬಾಗಿನ ಅವರಿಗೇ ಕೊಟ್ಟೆ. ಹಣೆಗೆ ಕುಂಕುಮ ಇಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಮಗುವಿನ ಹಾಗೆ ಮುಖ ಮುಂದೆ ಮಾಡಿದರು. ಅವರ ಅಮ್ಮನ ಮೊರ ಅವರ ಕೈಗೇ ವಾಪಸ್ ಹೋಯಿತು. ಮಂಡ್ಯದ ಹುಡುಗಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಇಷ್ಟು ಸುಲಭ ಇತ್ತಲ್ಲ ಅನ್ನಿಸಿತು. ಕಣಜದ ಹಿಂದಕ್ಕೆ ನಾಲ್ಕು ಹೆಜ್ಜೆ.

ಎಲ್ಲರೂ ಹೋದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ ದಾಟಿತ್ತು. ಹಬ್ಬ ಹೇಗಾಯ್ತು, ಮಗು ಏನು ಮಾಡ್ತಿದೆ ಎಲ್ಲ ಆಯಿತು.

"ಅಮ್ಮ, ಏರಿ ಮೇಲಿನ ಕಲ್ಲಿಗೆ ಈಗ ಯಾರಾದರೂ ಪೂಜೆ ಮಾಡ್ತಾರಾ?"

"ಯಾರು ಮಾಡ್ತಾರೆ? ನಿಮ್ಮಜ್ಜಿ ಇರೋತನಕ ಮಾಡಿದ್ರು."

"ನಾನು ಬೇಡ ಅಂದ ಮೇಲೆ ನಿಲ್ಲಿಸಿದ್ರು ಅಲ್ವಾ?"

"ಎಲ್ಲಿ ನಿಲ್ಸಿದ್ರು? ಹಿಂದುಗಡೆಗೆ ಹೋಗಿ ಹಚ್ಚೋರು. ಮುಂದುಗಡೆ ನಮ್ಮ ಮಗಿನ ಅಕ್ಷರ ಐತೆ, ಕೆಡಬಾರದು ಅನ್ನೋರು. ಆ ಕಡೆ ಪೂರ್ತಿ ಮುಳ್ಳು. ಪ್ರತಿ ಸಲವೂ ಕೈ ತರಚ್ಕೊಂಡೇ ಬರೋರು."

ಫೋನ್ ಇಟ್ಟು ಲ್ಯಾಪ್‌ಟಾಪ್ ತೆಗೆದೆ. ಆ ಕಲ್ಲಿನದು ನನ್ನ ಹತ್ತಿರ 41 ಫೋಟೋ ಇವೆ. ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಮುಂದುಗಡೆಯವೇ.