ಗೋಡೋ 4, ಹಳೇ ಲ್ಯಾಪ್‌ಟಾಪ್ ಮತ್ತು ಬಿಳಿ ಕಿಟಕಿ

ಕಲಬುರಗಿಯಲ್ಲಿ ಗೇಮ್ ಮಾಡೋದು ಕಲಿಯುವ ಡಿಪ್ಲೊಮಾ ಹುಡುಗರ ಕೈಯಲ್ಲಿ ಇರೋದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಬೇರೆ ಗ್ರಾಫಿಕ್ಸ್ ಕಾರ್ಡ್ ಎಲ್ಲಿಂದ ಬರಬೇಕು? ತಮ್ಮನ ಗೆಳೆಯ ಅಂಥದ್ದೇ ಒಂದನ್ನು ಹಿಡಿದುಕೊಂಡು ಬಂದ. ಅದರಲ್ಲಿ ಗೋಡೋ, ಅಂದರೆ ಗೇಮ್ ಮಾಡುವ ಸಾಫ್ಟ್‌ವೇರ್ (ಗೇಮ್ ಎಂಜಿನ್) ಇತ್ತು. "ಅಣ್ಣಾ, ಗೋಡೋ ಓಪನ್ ಮಾಡಿದ್ರೆ ಬಿಳಿ ಕಿಟಕಿ ಬಂದು ಹಂಗೇ ಹೋಗ್ತದ" ಅಂದ. ಯಾವುದೋ ಅಂಗಡಿಯವರು ರ‍್ಯಾಮ್ ಕಮ್ಮಿ ಅಂತ ಹೇಳಿ ಅದನ್ನೂ ಹಾಕಿಸಿದ್ದರು. ಸುಮ್ನೆ ದಂಡ.

ವಿಷಯ ಇಷ್ಟೇ. 2023ರಲ್ಲಿ ಬಂದಾಗ ಗೋಡೋ 4 ಮಾಮೂಲಾಗಿ ವಲ್ಕನ್ ಕೇಳುತ್ತಿತ್ತು, ಅಂದರೆ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡುವ ಒಂದು ಹೊಸ ವಿಧಾನ. 2012ರ ಇಂಟೆಲ್ ಎಚ್‌ಡಿ 4000ದಂಥ ಚಿಪ್‌ಗಳಿಗೆ ವಿಂಡೋಸ್‌ನಲ್ಲಿ ಅದು ಇಲ್ಲ. ಅದಕ್ಕೇ ಗೋಡೋದಲ್ಲಿ ಚಿತ್ರ ಬಿಡಿಸಲು ಕಂಪ್ಯಾಟಿಬಿಲಿಟಿ ರೆಂಡರರ್ ಅಂತ ಇನ್ನೊಂದು ದಾರಿ ಇದೆ, ಅದಕ್ಕೆ ವಲ್ಕನ್‌ಗಿಂತ ಹಳೇ ವಿಧಾನವಾದ ಓಪನ್‌ಜಿಎಲ್ 3.3 ಸಾಕು. ಆದರೆ ಈ ಲ್ಯಾಪ್‌ಟಾಪ್ ಅದರಲ್ಲೂ ಬಿತ್ತು. ವಿಂಡೋಸ್‌ನಲ್ಲಿ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದು ನೋಡಿದರೆ ಕ್ರ್ಯಾಶ್ ಆದ ಮಾಡ್ಯೂಲ್ ಎಂಜಿನ್ನಿನದಲ್ಲ, 'ಐಸಿಡಿ64' ಅಂತ ಮುಗಿಯುವ ಒಂದು ಡಿಎಲ್‌ಎಲ್, ಅಂದರೆ ಗ್ರಾಫಿಕ್ಸ್ ಡ್ರೈವರ್‌ನ ಓಪನ್‌ಜಿಎಲ್ ಭಾಗ. ಡಿವೈಸ್ ಮ್ಯಾನೇಜರ್ ಮಾತ್ರ ಇರೋದೇ ಬೆಸ್ಟ್ ಡ್ರೈವರ್ ಅಂತ ಹೇಳ್ತಾನೇ ಇತ್ತು!

ಕೊನೆಗೆ ಕೆಲಸಕ್ಕೆ ಬಂದದ್ದು ಗ್ರಾಫಿಕ್ಸ್ ಕರೆಗಳನ್ನು ಅನುವಾದಿಸುವ ಪದರ ಆ್ಯಂಗಲ್. ಗೋಡೋದ ಸೆಟ್ಟಿಂಗ್‌ನಲ್ಲಿ ರೆಂಡರಿಂಗ್ ಡ್ರೈವರ್ ಅನ್ನು ಓಪನ್‌ಜಿಎಲ್3_ಆ್ಯಂಗಲ್‌ಗೆ ಬದಲಿಸಿದರೆ ಓಪನ್‌ಜಿಎಲ್ ಕರೆಗಳೆಲ್ಲ ವಿಂಡೋಸ್‌ನದೇ ಗ್ರಾಫಿಕ್ಸ್ ವಿಧಾನವಾದ ಡೈರೆಕ್ಟ್3ಡಿ 11ಕ್ಕೆ ತಿರುಗುತ್ತವೆ, ವಿಂಡೋಸ್ ತನ್ನ ಡೆಸ್ಕ್‌ಟಾಪ್ ಬಿಡಿಸೋದೂ ಡೈರೆಕ್ಟ್3ಡಿಯಲ್ಲೇ ಆದ್ದರಿಂದ ಡ್ರೈವರ್‌ನ ಆ ಭಾಗ ಜಾಸ್ತಿ ಗಟ್ಟಿ ಇರುತ್ತದೆ ಅಲ್ವಾ. ಲಿನಕ್ಸ್ ಹಾಕಿದರೂ ಆಗುತ್ತದೆ, ಅಲ್ಲಿನ ಮೆಸಾ ಅನ್ನೋ ಗ್ರಾಫಿಕ್ಸ್ ಡ್ರೈವರ್ ಹಳೇ ಚಿಪ್‌ಗಳನ್ನು ಇನ್ನೂ ಕೈಬಿಟ್ಟಿಲ್ಲ. 3ಡಿಯ ನೆರಳು ಗಿರಳು ಆಸೆ ಬೇಡ, 2ಡಿಗೆ ಧಾರಾಳ ಸಾಕು.